ಪರದೆ ಕಪ್ಪಾಯ್ತು, ಮಾನಿಟರ್ ಸತ್ತಿತೇ?

ಕಳೆದ ಜನವರಿಯ ಒಂದು ರಾತ್ರಿ. ಊಟಕ್ಕೆ ಕೂರುವಷ್ಟರಲ್ಲಿ ಫೋನ್ ಬಂತು. ಹತ್ತನೆಯ ತರಗತಿಯ ಹುಡುಗಿ.

“ಟೀಚರ್, ನಮ್ಮ ಮಾನಿಟರ್ ಹೋಯ್ತು. ಎಂತದೂ ಕಾಣುದಿಲ್ಲ. ಬರೀ ಕಪ್ಪು.”

ಐ.ಟಿ. ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿತ್ತು. ಶಾಲೆಯ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಮೂರು ಮಂದಿ ಕೂರುತ್ತಾರೆ. ಇಂಕ್‌ಸ್ಕೇಪಿನಲ್ಲಿ ಒಂದು ಚಿತ್ರ ಬಿಡಿಸಿ ಮುಗಿಸುವುದರೊಳಗೆ ಬೆಲ್ ಆಗುತ್ತದೆ. ಇವಳ ಮನೆಯಲ್ಲಿ ಹಳೆಯ ಕಂಪ್ಯೂಟರೊಂದು ಇತ್ತು. ಯಾವುದೋ ಆಫೀಸಿನವರು ಮಾರಿದ್ದನ್ನು ಅವಳ ಮಾವ ತಂದುಕೊಟ್ಟದ್ದು. ಅಮ್ಮ ಬೀಡಿ ಕಟ್ಟುವವರು, ಅಪ್ಪ ತೋಟದ ಕೆಲಸಕ್ಕೆ ಹೋಗುವವರು. ಪೇಟೆಯ ಅಂಗಡಿಗೆ ಫೋನ್ ಮಾಡಿ ಕೇಳಿದರೆ ಅವರು ಮಾನಿಟರನ್ನು ನೋಡದೆಯೇ, “ಚಿತ್ರ ಬರದಿದ್ರೆ ಪ್ಯಾನೆಲ್ ಹೋಗಿರ್ತದೆ. ರಿಪೇರಿ ಮಾಡಿ ಪ್ರಯೋಜನ ಇಲ್ಲ, ಹೊಸದು ತಗೊಳ್ಳಿ” ಅಂದರಂತೆ. ಹೊಸದಕ್ಕೆ ಐದಾರು ಸಾವಿರ. ಅಷ್ಟು ಕೊಡಲಿಕ್ಕೆ ಆಗದು, ಭಾನುವಾರ ಗುಜರಿಯವನು ಬಂದಾಗ ಎಲ್ಲವನ್ನೂ ಕೊಟ್ಟುಬಿಡುವುದು ಅಂತ ಅಪ್ಪ ತೀರ್ಮಾನಿಸಿದ್ದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. “ಮಾನಿಟರಿನ ಕೆಳಗೆ ಸಣ್ಣ ಲೈಟ್ ಉಂಟಲ್ಲಾ, ಅದು ಯಾವ ಬಣ್ಣದಲ್ಲಿ ಉಂಟು?”

ಅವಳು ಹೋಗಿ ನೋಡಿ ಬಂದಳು. “ಹಳದಿ ಟೀಚರ್. ಹೊತ್ತಿ ಆರಿ, ಹೊತ್ತಿ ಆರಿ ಮಾಡ್ತದೆ.”

“ಹಾಗಾದ್ರೆ ಅದು ಸತ್ತಿಲ್ಲ. ನಿದ್ದೆ ಮಾಡ್ತಾ ಉಂಟು. ಗುಜರಿಗೆ ಕೊಡ್ಬೇಡಿ ಅಂತ ಅಪ್ಪನಿಗೆ ಹೇಳು.”

ಮಕ್ಕಳೇ, ಇದನ್ನು ನಾನು ಮಂತ್ರ ಹಾಕಿ ಹೇಳಿದ್ದಲ್ಲ. ನಿಮ್ಮಲ್ಲಿ ಹೆಚ್ಚಿನವರು ತೋಟ ನೋಡಿದವರು. ಅಡಿಕೆ ತೋಟದ ಕೊನೆಯ ಸ್ಪ್ರಿಂಕ್ಲರ್ ನೀರು ಹಾರಿಸದಿದ್ದರೆ ನಿಮ್ಮ ಅಜ್ಜ ಏನು ಮಾಡುತ್ತಾರೆ? ಓಡಿಹೋಗಿ ಹೊಸ ಪಂಪ್ ತರುವುದಿಲ್ಲ. ನಡುವಿನ ಗೇಟ್‌ವಾಲ್ವಿನ ಹತ್ತಿರ ಹೋಗಿ ಅಲ್ಲಿವರೆಗೆ ನೀರು ಬಂದಿದೆಯೋ ನೋಡುತ್ತಾರೆ. ಬಂದಿದ್ದರೆ ಪಂಪು, ಕೆರೆ, ಕರೆಂಟು ಎಲ್ಲ ಸರಿ. ತೊಂದರೆ ಅಲ್ಲಿಂದ ಮುಂದೆ. ಬಂದಿಲ್ಲದಿದ್ದರೆ ಸ್ಪ್ರಿಂಕ್ಲರನ್ನು ಬಿಚ್ಚಿ ಪ್ರಯೋಜನವೇ ಇಲ್ಲ. ಒಂದು ಸಲ ನೋಡಿದ್ದಕ್ಕೆ ಅರ್ಧ ತೋಟ ಅಲೆಯುವುದು ಉಳಿಯಿತು.

ಮಾನಿಟರಿಗೆ ಎರಡು ದಾರಿಗಳು ಬಂದು ಸೇರುತ್ತವೆ. ಒಂದು ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟಿನ ದಾರಿ. ಇನ್ನೊಂದು ಸಿಪಿಯುವಿನಿಂದ ಬರುವ ಚಿತ್ರದ ದಾರಿ. (ಆ ದೊಡ್ಡ ಪೆಟ್ಟಿಗೆಯನ್ನು ನಾವೆಲ್ಲ ಸಿಪಿಯು ಅಂತೇವೆ. ನಿಜವಾದ ಸಿಪಿಯು ಒಳಗಿರುವ ಒಂದು ಚಿಪ್. ಪರೀಕ್ಷೆಯಲ್ಲಿ ಪೆಟ್ಟಿಗೆಗೆ ಹಾಗೆ ಬರೆದು ಅಂಕ ಕಳೆದುಕೊಳ್ಳಬೇಡಿ. ಇಲ್ಲಿ ರೂಢಿಯ ಮಾತು ಇರಲಿ.) ಕರೆಂಟು ನಿಂತರೂ ಪರದೆ ಕಪ್ಪು, ಚಿತ್ರ ನಿಂತರೂ ಪರದೆ ಕಪ್ಪು. ಎರಡೂ ಬಂದು ಮಾನಿಟರಿನ ಒಳಗೆ ಏನಾದರೂ ಕೆಟ್ಟರೂ ಕಪ್ಪೇ. ಈ ಮೂರನ್ನು ಬೇರೆ ಮಾಡಿ ನೋಡದೆ “ಮಾನಿಟರ್ ಹೋಯ್ತು” ಅಂದರೆ, ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಟ್ಟ ಹಾಗೆ.

ಸಣ್ಣ ಲೈಟೇ ನಮ್ಮ ಮೊದಲ ಗೇಟ್‌ವಾಲ್ವ್. ಅದು ಉರಿಯುತ್ತಲೇ ಇಲ್ಲವಾದರೆ ಕರೆಂಟಿನ ದಾರಿಯನ್ನು ನೋಡಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿದರೆ ಪ್ಲಗ್ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ಚನ್ನು ಯಾರಾದರೂ ಕಸ ಗುಡಿಸುವಾಗ ಆಫ್ ಮಾಡಿರಬಹುದು. ನಗಬೇಡಿ, ನಮ್ಮ ಲ್ಯಾಬಿನ ದೂರುಗಳಲ್ಲಿ ಇದು ಮಾಮೂಲು. ಇನ್ನೊಂದು ಉಪಾಯ ಉಂಟು: ಅನೇಕ ಮಾನಿಟರುಗಳ ಕರೆಂಟಿನ ವಯರೂ ಸಿಪಿಯುವಿನ ಕರೆಂಟಿನ ವಯರೂ ಒಂದೇ ನಮೂನೆ. ಗೋಡೆಯ ಸ್ವಿಚ್ ಆಫ್ ಮಾಡಿ, ಎರಡನ್ನೂ ಅದಲುಬದಲು ಮಾಡಿ. ಈಗ ಮಾನಿಟರ್ ಹೊತ್ತಿ ಸಿಪಿಯು ಆರಿದರೆ ಕೆಟ್ಟದ್ದು ವಯರ್. ದುಡ್ಡಿಲ್ಲದೆ ಉತ್ತರ ಸಿಕ್ಕಿತು.

ಲೈಟ್ ಹಳದಿ ಅಥವಾ ಕೇಸರಿ ಬಣ್ಣದಲ್ಲಿ ಇದ್ದರೆ, ಇಲ್ಲವೇ ಮಿನುಗುತ್ತಿದ್ದರೆ, ಸಾಮಾನ್ಯವಾಗಿ ಅದರ ಅರ್ಥ ಕರೆಂಟ್ ಬಂದಿದೆ, ಚಿತ್ರ ಬಂದಿಲ್ಲ, ಹಾಗಾಗಿ ಮಲಗಿದ್ದೇನೆ ಎಂದು. ಲೈಟ್ ನೀಲಿ ಅಥವಾ ಹಸಿರು ಬಣ್ಣದಲ್ಲಿ ನಿಂತು ಉರಿಯುತ್ತಾ ಪರದೆ ಮಾತ್ರ ಕಪ್ಪಾಗಿದ್ದರೆ ಅದು ಬೇರೆ ಕಥೆ, ಆಮೇಲೆ ಹೇಳುತ್ತೇನೆ. ಕಂಪೆನಿಯಿಂದ ಕಂಪೆನಿಗೆ ಬಣ್ಣ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಸರಿ ಇರುವಾಗಲೇ ನಿಮ್ಮ ಮಾನಿಟರಿನ ಲೈಟ್ ಯಾವ ಬಣ್ಣ ಅಂತ ನೋಡಿಟ್ಟುಕೊಳ್ಳಿ.

ಫೋನಿನಲ್ಲಿದ್ದ ಹುಡುಗಿಗೆ ಎರಡನೆಯ ಕೆಲಸ ಕೊಟ್ಟೆ. “ಸಿಪಿಯು ಆಫ್ ಮಾಡು. ಚಿತ್ರದ ಕೇಬಲನ್ನು ಮಾನಿಟರಿನಿಂದ ಬಿಡಿಸು. ಎರಡು ಬದಿಯಲ್ಲಿ ಸ್ಕ್ರೂ ಉಂಟು, ಅದನ್ನು ತಿರುಗಿಸಿಯೇ ತೆಗಿ, ಎಳೀಬೇಡ. ಈಗ ಮಾನಿಟರನ್ನು ಮಾತ್ರ ಆಫ್ ಮಾಡಿ ಆನ್ ಮಾಡು. ಪರದೆಯನ್ನೇ ನೋಡ್ತಾ ಇರು.”

ಸ್ವಲ್ಪ ಹೊತ್ತು ಮೌನ. ಆಮೇಲೆ ಒಂದು ಕಿರುಚು. “ಟೀಚರ್! ಬಂತು! ‘ನೋ ಸಿಗ್ನಲ್’ ಅಂತ ಬಂತು! ಈಗ ಪುನಃ ಹೋಯ್ತು.”

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ‘ನೋ ಸಿಗ್ನಲ್’ ಎಂಬ ಅಕ್ಷರಗಳನ್ನು ಕಂಪ್ಯೂಟರ್ ಕಳಿಸುವುದಿಲ್ಲ. ಕೇಬಲ್ಲೇ ಇಲ್ಲವಲ್ಲ, ಎಲ್ಲಿಂದ ಬರಬೇಕು? ಅದು ಮಾನಿಟರ್ ತಾನೇ ಬರೆದದ್ದು. ಬರೆಯಲು ಅದರ ಕರೆಂಟಿನ ಬೋರ್ಡು, ಒಳಗಿನ ಚಿಪ್ಪು, ಪ್ಯಾನೆಲ್ಲು, ಹಿಂದಿನ ಬೆಳಕು ಇಷ್ಟೂ ಕೆಲಸ ಮಾಡಬೇಕು. ಕಣ್ಣಿಗೆ ಬಿದ್ದ ಆ ಎರಡು ಶಬ್ದ ಅಂಗಡಿಯವರ ಮಾತನ್ನು ಸುಳ್ಳು ಮಾಡಿತು. ಪ್ಯಾನೆಲ್ ಸರಿ ಇದೆ. ತೊಂದರೆ ಇರುವುದು ಕೇಬಲಿನಲ್ಲಿ ಅಥವಾ ಸಿಪಿಯುವಿನ ಕಡೆ. ಕೆಲವು ಸೆಕೆಂಡು ತೋರಿಸಿ ಅದು ಪುನಃ ಮಲಗುತ್ತದೆ, ಅದಕ್ಕೇ “ನೋಡ್ತಾ ಇರು” ಅಂದದ್ದು. ನೀರು ಕುಡಿದು ಬರುತ್ತೇನೆ ಅಂತ ಹೋದರೆ ತಪ್ಪಿಹೋಗುತ್ತದೆ.

ಮಾರನೆಯ ದಿನ ಶನಿವಾರ. ಶಾಲೆಯ ಲ್ಯಾಬಿನಿಂದ ಒಂದು ಕೇಬಲ್ ತೆಗೆದುಕೊಂಡು ಅವರ ಮನೆಗೆ ಹೋದೆ. ಕೇಬಲ್ ಬದಲಿಸಿದೆವು. ಕಪ್ಪೇ. ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು: “ಕೇಬಲ್ ಬದಲು, ಬರಲಿಲ್ಲ.” ಹಳೆಯ ಕೇಬಲನ್ನೇ ಪುನಃ ಹಾಕಿಸಿದೆ. ಯಾಕೆ ಅಂತ ಅವಳ ತಮ್ಮ ಕೇಳಿದ. ಕಾರಣ ಕೊನೆಗೆ ಗೊತ್ತಾಗುತ್ತದೆ. ಅದರ ಹಿಂದೆ ನನ್ನದೇ ಒಂದು ಪೆದ್ದುತನ ಉಂಟು.

ಸಿಪಿಯುವನ್ನು ತಿರುಗಿಸಿ ಹಿಂಬದಿ ನೋಡಿದೆ. ಹದಿನೈದು ರಂಧ್ರದ ನೀಲಿ ವಿಜಿಎ ಸಾಕೆಟ್ ಎರಡು ಇದ್ದವು! ಒಂದು ಮೇಲೆ, ಕೀಬೋರ್ಡ್, ಮೌಸ್ ಹಾಕುವ ಜಾಗದ ಹತ್ತಿರ. ಇನ್ನೊಂದು ಕೆಳಗೆ, ಅಡ್ಡಕ್ಕೆ. ಕೇಬಲ್ ಇದ್ದದ್ದು ಮೇಲಿನದ್ದರಲ್ಲಿ.

“ಇದನ್ನು ಇತ್ತೀಚೆಗೆ ಯಾರಾದ್ರೂ ತೆಗೆದಿದ್ರಾ?”

ಎಲ್ಲರೂ ತಮ್ಮನ ಕಡೆ ನೋಡಿದರು. ಮೇಜು ಒರೆಸಲಿಕ್ಕೆ ಅಂತ ಅಮ್ಮ ವಯರುಗಳನ್ನೆಲ್ಲ ಬಿಡಿಸಿದ್ದರು, ಅವನು ಪುನಃ ಸಿಕ್ಕಿಸಿದ್ದ. ಜಾಗ್ರತೆಯಾಗಿಯೇ ಸಿಕ್ಕಿಸಿದ್ದ, ಸ್ಕ್ರೂ ಕೂಡ ಬಿಗಿಮಾಡಿದ್ದ. ತಪ್ಪಾದ ಸಾಕೆಟ್ಟಿಗೆ! ಮೇಲಿನದ್ದು ಮದರ್‌ಬೋರ್ಡಿನದ್ದು. ಕೆಳಗಿನದ್ದು ಆಫೀಸಿನವರು ಆಮೇಲೆ ಹಾಕಿಸಿದ ಗ್ರಾಫಿಕ್ಸ್ ಕಾರ್ಡಿನದ್ದು. ಕಾರ್ಡ್ ಇದ್ದರೆ ಅನೇಕ ಕಂಪ್ಯೂಟರುಗಳು ಮದರ್‌ಬೋರ್ಡಿನ ಸಾಕೆಟ್ಟಿಗೆ ಚಿತ್ರ ಕೊಡುವುದನ್ನೇ ನಿಲ್ಲಿಸುತ್ತವೆ. ಕೇಬಲನ್ನು ಕೆಳಗೆ ಹಾಕಿ ಆನ್ ಮಾಡಿದಾಗ ಉಬುಂಟುವಿನ ಪರದೆ ಬಂತು. ಖರ್ಚು ಸೊನ್ನೆ. ಅಮ್ಮ ಅವಲಕ್ಕಿ, ಚಹಾ ಕೊಟ್ಟರು.

ಎಲ್ಲರ ಮನೆಯಲ್ಲಿಯೂ ಇಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಕೇಬಲ್ ಬದಲಿಸಲು ಇನ್ನೊಂದು ಇಲ್ಲದಿದ್ದರೆ ಬೇರೆ ದಾರಿ ಹುಡುಕಬೇಕು. ಎಚ್‌ಡಿಎಂಐ ಇರುವ ಮಾನಿಟರಾದರೆ ಟೀವಿಯ ಸೆಟ್‌ಟಾಪ್ ಬಾಕ್ಸಿನ ಕೇಬಲನ್ನು ಅದಕ್ಕೆ ಹಾಕಿ ನೋಡಬಹುದು. ಇಲ್ಲವೇ ಸಿಪಿಯುವನ್ನು ಟೀವಿಗೆ ಜೋಡಿಸಬಹುದು. ನೆರೆಮನೆಯ ಅಣ್ಣನ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೆ ಸಿಕ್ಕಿದರೂ ಸಾಕು. ಎರಡು ಸಾಕೆಟ್ ಇರುವ ಮಾನಿಟರಿನಲ್ಲಿ ಅದರ ಗುಂಡಿ ಒತ್ತಿ ‘ಇನ್‌ಪುಟ್’ ಯಾವುದಕ್ಕೆ ಇದೆ ಅಂತಲೂ ನೋಡಿ. ಕೇಬಲ್ ವಿಜಿಎಗೆ, ಮಾನಿಟರ್ ಕಾಯುವುದು ಎಚ್‌ಡಿಎಂಐಗೆ ಎಂದಾದರೆ ಯುಗ ಕಳೆದರೂ ಚಿತ್ರ ಬರದು.

ಚಿತ್ರ ಬಂದು ಬಣ್ಣ ಕೆಟ್ಟಿರುವುದೂ ಉಂಟು. ನಮ್ಮ ಲ್ಯಾಬಿನ ಒಂದು ಮಾನಿಟರಿನಲ್ಲಿ ಬಿಳಿ ಎಲ್ಲ ಹಳದಿಯಾಗಿ ಕಾಣುತ್ತಿತ್ತು. ಕಾಮಾಲೆ ಅಂತ ಮಕ್ಕಳು ಹೆಸರಿಟ್ಟಿದ್ದರು. ಬೆಳಕಿನ ಪಾಠ ನೆನಪು ಮಾಡಿಕೊಳ್ಳಿ: ಕೆಂಪು, ಹಸಿರು, ನೀಲಿ ಸೇರಿದರೆ ಬಿಳಿ. ಅದರಲ್ಲಿ ನೀಲಿ ಇಲ್ಲವಾದರೆ ಉಳಿಯುವುದು ಕೆಂಪು, ಹಸಿರು. ಅವೆರಡು ಸೇರಿ ಹಳದಿ. ಅಂದರೆ ಎಲ್ಲೋ ದಾರಿಯಲ್ಲಿ ನೀಲಿ ಕಳೆದುಹೋಗಿದೆ! ವಿಜಿಎ ಕೇಬಲಿನಲ್ಲಿ ಈ ಮೂರು ಬಣ್ಣಗಳಿಗೆ ಬೇರೆ ಬೇರೆ ಪಿನ್ನುಗಳಿವೆ: 1 ಕೆಂಪಿಗೆ, 2 ಹಸಿರಿಗೆ, 3 ನೀಲಿಗೆ. ಬಿಡಿಸಿ ನೋಡಿದರೆ ಮೂರನೆಯ ಪಿನ್ ಬಾಗಿ ಮಲಗಿತ್ತು. ಬಿಳಿ ನೇರಳೆಗೆಂಪಾಗಿ ಕಂಡರೆ ಹಸಿರು ಹೋಗಿದೆ. ಆಕಾಶನೀಲಿಯ ಹಾಗೆ ಕಂಡರೆ ಯಾವುದು ಹೋಗಿದೆ ಅಂತ ನೀವೇ ಹೇಳಿ. ನಡುವಿನ ಸಾಲಿನಲ್ಲಿ ಒಂದು ಪಿನ್ ಇಲ್ಲವೇ ಇಲ್ಲ ಅಂತ ಕಂಡರೆ ಗಾಬರಿ ಬೇಡ. 9ನೆಯ ಪಿನ್ ಎಷ್ಟೋ ಕೇಬಲುಗಳಲ್ಲಿ ಹುಟ್ಟುವಾಗಲೇ ಇರುವುದಿಲ್ಲ.

ಮೂರು ಬಣ್ಣಗಳನ್ನು ಕಣ್ಣಾರೆ ನೋಡಬೇಕೇ? ಮೊಬೈಲಿನಲ್ಲಿ ಬಿಳಿ ಪುಟ ತೆರೆದು, ಬೆರಳ ತುದಿಯಿಂದ ಸಾಸಿವೆಯಷ್ಟು ನೀರಿನ ಹನಿಯನ್ನು ಪರದೆಯ ಮೇಲೆ ಇಡಿ. ಹನಿ ಲೆನ್ಸ್ ಆಗಿ, ಬಿಳಿಯ ಒಳಗಿನ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ಮಾನಿಟರಿನ ಮೇಲೆ ಈ ಪ್ರಯೋಗ ಬೇಡ, ನೀರು ಜಾರಿ ಅಂಚಿನೊಳಗೆ ಇಳಿದೀತು. 1920 ಅಡ್ಡ, 1080 ಉದ್ದ ಅಂತ ಬರೆದಿರುವ ಮಾನಿಟರಿನಲ್ಲಿ 20,73,600 ಚುಕ್ಕೆಗಳು. ಪ್ರತಿಯೊಂದರಲ್ಲೂ ಮೂರು ಬಣ್ಣದ ತುಂಡು. ಲೆಕ್ಕ ಮಾಡಿ, 62 ಲಕ್ಷ ದಾಟುತ್ತದೆ.

ಇನ್ನೊಂದು ದೂರು: “ಪರದೆಯಲ್ಲಿ ಉದ್ದಕ್ಕೆ ಗೆರೆ ಬಂದಿದೆ.” ತಪ್ಪು ಮಾನಿಟರಿನದ್ದೋ ಕಂಪ್ಯೂಟರಿನದ್ದೋ? ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೆ ಮೊಬೈಲಿನಲ್ಲಿ ನೋಡಿ. ಸ್ಕ್ರೀನ್‌ಶಾಟ್ ತಯಾರಾಗುವುದು ಕಂಪ್ಯೂಟರಿನ ಒಳಗೆ, ಚಿತ್ರ ಕೇಬಲಿಗೆ ಇಳಿಯುವ ಮೊದಲು. ಗೆರೆ ಅದರಲ್ಲಿಯೂ ಇದ್ದರೆ ಕಂಪ್ಯೂಟರಿನ ತಪ್ಪು. ಇಲ್ಲದಿದ್ದರೆ ಮಾನಿಟರಿನ ಗುಂಡಿ ಒತ್ತಿ ಅದರದ್ದೇ ಮೆನು ತೆರೆಯಿರಿ. ಆ ಮೆನುವಿನ ಮೇಲೂ ಗೆರೆ ಹಾದುಹೋದರೆ ಪ್ಯಾನೆಲ್ಲಿಗೇ ಪೆಟ್ಟು. ಅದನ್ನು ಮನೆಯಲ್ಲಿ ಸರಿಮಾಡುವುದು ಆಗದ ಕೆಲಸ. ಗೆರೆಯೊಂದಿಗೇ ಬದುಕಬಹುದು, ನಮ್ಮ ಸ್ಟಾಫ್ ರೂಮಿನದ್ದು ಹಾಗೇ ವರ್ಷಗಟ್ಟಲೆ ನಡೆಯುತ್ತಾ ಉಂಟು.

ಈಗ, ಲೈಟ್ ನೀಲಿಯಾಗಿ ನಿಂತು ಪರದೆ ಮಾತ್ರ ಕಪ್ಪಾಗಿರುವ ಕಥೆ. ಇದು ನನ್ನ ಮನೆಯದ್ದು.

ಅದಕ್ಕೂ ಹಿಂದಿನ ವರ್ಷದ ಆಟಿ ತಿಂಗಳು. ಹೊರಗೆ ಬಿಡದೆ ಮಳೆ, ಗೋಡೆ ಮುಟ್ಟಿದರೆ ಒದ್ದೆ. ನನ್ನ ಹಳೆಯ 17 ಇಂಚಿನ ಮಾನಿಟರ್ ಆನ್ ಮಾಡಿದರೆ ಎರಡು ಸೆಕೆಂಡ್ ಚಿತ್ರ ತೋರಿಸಿ ಕಪ್ಪಾಗುತ್ತಿತ್ತು. ನಾನು ಮಾಡಿದ್ದೇನು ಗೊತ್ತೇ? ವಯರುಗಳನ್ನೆಲ್ಲ ಕಿತ್ತು ಒರೆಸಿದೆ. 250 ರೂಪಾಯಿ ಕೊಟ್ಟು ಹೊಸ ವಿಜಿಎ ಕೇಬಲ್ ತಂದೆ. ಪ್ಲಗ್ ಬದಲಿಸಿದೆ. ಬ್ರೈಟ್‌ನೆಸ್ ಕಡಿಮೆ ಮಾಡಿದೆ. ಎಲ್ಲವೂ ಒಂದೇ ಸಂಜೆ, ಒಟ್ಟಿಗೆ. ಚಿತ್ರ ನಿಂತಿತು! ಕೇಬಲಿನದ್ದೇ ತೊಂದರೆ ಅಂತ ಮನೆಯವರ ಮುಂದೆ ಉಪನ್ಯಾಸವನ್ನೂ ಕೊಟ್ಟೆ. ಮೂರನೆಯ ದಿನ ಪುನಃ ಕಪ್ಪು. ನಾಲ್ಕು ಬದಲಾವಣೆಗಳಲ್ಲಿ ಯಾವುದು ಮೂರು ದಿನ ಕೆಲಸ ಮಾಡಿಸಿತು ಅಂತ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಸರಳ ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಿಸಿದ ಮಕ್ಕಳಿಗೆ ಬೈಯುವವಳು ನಾನೇ! ಬೇಸರದಲ್ಲಿ ಮಾನಿಟರನ್ನು ಅಟ್ಟಕ್ಕೆ ಹಾಕಿದೆ. ಹುಡುಗಿಯ ಮನೆಯಲ್ಲಿ ಹಳೆಯ ಕೇಬಲನ್ನು ಪುನಃ ಹಾಕಿಸಿದ್ದು ಇದೇ ಕಾರಣಕ್ಕೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರಯೋಜನವಾಗದಿದ್ದರೆ ಮೊದಲಿನ ಹಾಗೆ ಇಟ್ಟು ಮುಂದಿನದ್ದು.

ಅವರ ಮನೆಯಿಂದ ಬಂದ ರಾತ್ರಿಯೇ ಅಟ್ಟದಿಂದ ನನ್ನದನ್ನು ಇಳಿಸಿದೆ. ಎರಡು ಸೆಕೆಂಡ್ ಚಿತ್ರ, ಮತ್ತೆ ಕಪ್ಪು, ಲೈಟ್ ನೀಲಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಟ್ಟು ನೋಡಿದೆ. ಮಸುಕಾಗಿ, ಹಳೆಯ ಫೋಟೋದ ಹಾಗೆ, ಫೋಲ್ಡರುಗಳ ಹೆಸರು ಕಾಣುತ್ತಿತ್ತು. ಚಿತ್ರ ಅಲ್ಲಿಯೇ ಇತ್ತು! ಬೆಳಕು ಮಾತ್ರ ಇರಲಿಲ್ಲ.

ಎಲ್‌ಸಿಡಿ ಪರದೆಯ ದ್ರವ ಸ್ಫಟಿಕ ತಾನಾಗಿ ಹೊಳೆಯುವುದಿಲ್ಲ. ಅದು ಲಕ್ಷಾಂತರ ಕಿಟಕಿ ಬಾಗಿಲುಗಳ ಹಾಗೆ. ಹಿಂದೆ ಒಂದು ದೀಪ ಸದಾ ಉರಿಯುತ್ತದೆ: ಹಳೆಯ ಮಾನಿಟರುಗಳಲ್ಲಿ ಸಪೂರ ಟ್ಯೂಬ್‌ಲೈಟ್, ಈಗಿನವುಗಳಲ್ಲಿ ಎಲ್‌ಇಡಿ. ಮುಂದೆ ಒಂದು, ಹಿಂದೆ ಒಂದು ಧ್ರುವಕ ಹಾಳೆ. ನಡುವಿನ ದ್ರವ ಸ್ಫಟಿಕ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸಿದರೆ ಬೆಳಕು ಹೊರಬರುತ್ತದೆ, ತಿರುಗಿಸದಿದ್ದರೆ ತಡೆಯುತ್ತದೆ. ವೋಲ್ಟೇಜು ಅದನ್ನು ನಿಯಂತ್ರಿಸುತ್ತದೆ. ಹಿಂದಿನ ದೀಪ ಆರಿದರೂ ಬಾಗಿಲುಗಳು ತೆರೆದು ಮುಚ್ಚುವ ಕೆಲಸ ನಿಲ್ಲಿಸುವುದಿಲ್ಲ. ಟಾರ್ಚಿನ ಬೆಳಕು ಅವುಗಳ ಮೂಲಕ ಒಳಹೋಗಿ, ಹಿಂದಿನ ಬಿಳಿ ಹಾಳೆಗೆ ಬಡಿದು ವಾಪಸು ಬಂದಾಗ ನಮಗೆ ಚಿತ್ರ ಕಾಣುತ್ತದೆ.

ಇಂತಹ ವಿಚಿತ್ರ ವಸ್ತು ಇದೆ ಅಂತ ಮೊದಲು ಕಂಡವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್, 1888ರಲ್ಲಿ. ಕ್ಯಾರೆಟ್ಟಿನಿಂದ ತೆಗೆದ ವಸ್ತುವಿನಿಂದ ಮಾಡಿದ ಒಂದು ಸಂಯುಕ್ತ 145.5 ಡಿಗ್ರಿಯಲ್ಲಿ ಕರಗಿ ಮಬ್ಬಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ಎರಡು ಕರಗುವ ಬಿಂದು! ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಜೊತೆಗಾರರು ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕ ಆಗುತ್ತದೆ ಎಂದು ತೋರಿಸಿದರು. ಆ ಬಗೆಯ ಅಣುಗಳ ಹಾಳೆಯನ್ನು ಮುಂದೆ ಎಲ್‌ಸಿಡಿಗಳಿಗೆ ಅಂಟಿಸಿ, ಬದಿಯಿಂದ ನೋಡಿದರೂ ಚಿತ್ರ ಚೆನ್ನಾಗಿ ಕಾಣುವ ಹಾಗೆ ಮಾಡಿದರು.

ಟಾರ್ಚಿನಲ್ಲಿ ಚಿತ್ರ ಕಂಡ ಮೇಲೆ ನಾನು ಮಾಡಿದ್ದು, ಮಾನಿಟರನ್ನು ಬಟ್ಟೆಯಲ್ಲಿ ಸುತ್ತಿ ರಿಪೇರಿಯವರ ಹತ್ತಿರ ಕೊಂಡುಹೋದದ್ದು. ಬಿಚ್ಚಲಿಲ್ಲ. ಬಿಎಸ್‌ಸಿ ಓದಿದವಳು, ಸ್ಕ್ರೂಡ್ರೈವರೂ ಇತ್ತು, ಆದರೂ ಬಿಚ್ಚಲಿಲ್ಲ. ಮನೆಗೆ ಬರುವ 230 ವೋಲ್ಟ್ ಎಸಿಯ ತುದಿಬೆಲೆ ಅದರ 1.414 ಪಟ್ಟು, ಅಂದರೆ ಸುಮಾರು 325 ವೋಲ್ಟ್. ಮಾನಿಟರಿನ ಒಳಗಿನ ದೊಡ್ಡ ಕೆಪಾಸಿಟರ್ ಅಷ್ಟನ್ನು ತುಂಬಿಸಿಕೊಂಡು ಕೂತಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು. ಟೀವಿಯ ಹಾಗೆ ಹಿಂದೆ ಉಬ್ಬಿರುವ ಹಳೆಯ ಕಾಲದ ಮಾನಿಟರಿನ ಒಳಗಂತೂ ಸಾವಿರಾರು ವೋಲ್ಟ್. ಆದ್ದರಿಂದ ನಿಮ್ಮ ಕೆಲಸ ಹೊರಗಿನ ವಯರು, ಗುಂಡಿ, ಟಾರ್ಚಿನವರೆಗೆ. ಹಿಂದಿನ ಮುಚ್ಚಳದ ಸ್ಕ್ರೂ ನಿಮ್ಮದಲ್ಲ. ಸುಟ್ಟ ವಾಸನೆ, ಹೊಗೆ, ಚಟಪಟ ಶಬ್ದ ಬಂದರೆ ಯಾವ ಪರೀಕ್ಷೆಯೂ ಬೇಡ, ಗೋಡೆಯ ಸ್ವಿಚ್ ಆಫ್ ಮಾಡಿ ದೊಡ್ಡವರನ್ನು ಕರೆಯಿರಿ. ತುಲಾ ತಿಂಗಳಲ್ಲಿ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆದುಬಿಡಿ, ಇಂಟರ್ನೆಟ್ಟಿನ ವಯರನ್ನೂ ಕೂಡ. ಸಿಡಿಲು ತೀರಾ ಹತ್ತಿರ ಬಂದಮೇಲೆ ವಯರಿಗೆ ಕೈಹಾಕಬೇಡಿ.

ರಿಪೇರಿಯವರಿಗೆ ನಾನು “ಮಾನಿಟರ್ ಹಾಳಾಗಿದೆ” ಅನ್ನಲಿಲ್ಲ. “ಚಿತ್ರ ಬರ್ತದೆ, ಹಿಂದಿನ ಬೆಳಕು ಎರಡು ಸೆಕೆಂಡಿಗೆ ಆರ್ತದೆ, ಟಾರ್ಚಿನಲ್ಲಿ ಕಾಣ್ತದೆ” ಅಂದೆ. ಅವರು ತಲೆ ಎತ್ತಿ ನೋಡಿದರು. “ನೀವು ನೋಡಿಯೇ ತಂದಿದ್ದೀರಲ್ಲಾ” ಅಂತ ನಕ್ಕು, ನನ್ನೆದುರೇ ಬಿಚ್ಚಿದರು. ಕರೆಂಟಿನ ಬೋರ್ಡಿನಲ್ಲಿ ಮೂರು ಸಣ್ಣ ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿತ್ತು. ಅವುಗಳ ಒಳಗೆ ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಅದು ಕೆಡುತ್ತದೆ, ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧ ಅಂತ ಒಂದು ಲೆಕ್ಕ ಉಂಟು. ಮಾನಿಟರಿನ ಹಿಂದಿನ ಗಾಳಿಕಂಡಿಯ ಮೇಲೆ ಬಟ್ಟೆ ಹಾಕಿ ಅಲಂಕಾರ ಮಾಡುವವರು ಇದನ್ನು ಕೇಳಿಸಿಕೊಳ್ಳಬೇಕು. ಮೂರನ್ನೂ ಬದಲಿಸಿ ಅವರು ತೆಗೆದುಕೊಂಡದ್ದು 350 ರೂಪಾಯಿ.

ಹುಡುಗಿ ಪರೀಕ್ಷೆ ಬರೆದು ಈಗ ಪ್ಲಸ್ ವನ್‌ಗೆ ಹೋಗುತ್ತಿದ್ದಾಳೆ. ಅವರ ಸಿಪಿಯುವಿನ ಮೇಲಿನ ಸಾಕೆಟ್ಟಿಗೆ ತಮ್ಮ ಕೆಂಪು ಟೇಪ್ ಅಂಟಿಸಿದ್ದಾನೆ. ನನ್ನ ಮಾನಿಟರನ್ನು ವಿಜ್ಞಾನ ಕೋಣೆಯಲ್ಲಿ ಇಟ್ಟಿದ್ದೇನೆ, ತಲೆ ಉಬ್ಬಿದ ಮೂರು ಕೆಪಾಸಿಟರುಗಳು ಪಕ್ಕದ ಡಬ್ಬಿಯಲ್ಲಿವೆ, ಬಂದರೆ ನೋಡಬಹುದು. ಮಾನಿಟರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದ್ದೇನೆ: “ಬದಲಿಸಿದ್ದು ಕೆಪಾಸಿಟರ್ 3. ಕೇಬಲ್ ಮೊದಲಿನಿಂದಲೂ ಸರಿ ಇತ್ತು.”